ಗುಡಿಸದ ನೆಲ

ಬಂದವರಿಗೆ ಕೂರಲು ಜಾಗ ಮಾಡಲೆಂದು ಪಕ್ಕದ ಖೋಲಿಯ ಗಂಗುಬಾಯಿ ಕಸಬರಿಗೆ ಎತ್ತಿಕೊಂಡದ್ದೇ ತಡ, ರಾಚವ್ವ ಅದನ್ನು ಕಿತ್ತುಕೊಂಡು ಎದೆಗೊತ್ತಿ ಹಿಡಿದಳು.

“ಕಸಾ ಹೊಡೀಬ್ಯಾಡ್ರಿ ಕಾಕು. ಅವರಿನ್ನೂ ದಿಲ್ಲಿ ಮುಟ್ಟಿಲ್ಲ.”

ಕುರ್ಲಾದ ಆ ಚಾಳಿನವರೆಲ್ಲ ಬಾಗಿಲಲ್ಲಿ ನೆರೆದಿದ್ದರು. ರಾಚವ್ವನ ಗಂಡ, ವಿಮಾನದ ಮೆಕ್ಯಾನಿಕ್ ಶಿವಪುತ್ರಪ್ಪ, ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ನಿಂತೇ ತಿಂದು ಚೆಲ್ಲಿದ ಚುರುಮುರಿ ಇನ್ನೂ ನೆಲದ ಮೇಲಿತ್ತು. ಅವನಿದ್ದ ವಿಮಾನ ಸಾಂತಾಕ್ರೂಜಿನಿಂದ ಮೇಲೇರಿದ ಸ್ವಲ್ಪ ಹೊತ್ತಿಗೇ ಜುಹೂ ಆಚೆ ಸಮುದ್ರಕ್ಕೆ ಬಿದ್ದಿತ್ತು. ಗಂಗುಬಾಯಿಯ ಗಂಡ ಚನ್ನಬಸಯ್ಯ ಇರಾನಿ ಹೋಟೆಲಿನ ರೇಡಿಯೊದಲ್ಲಿ ಕೇಳಿ, ಏರೋಡ್ರಮ್ಮಿಗೂ ಹೋಗಿ ಬಂದಿದ್ದ. ಒಬ್ಬರೂ ಉಳಿದಿಲ್ಲ ಎಂದಿದ್ದ. ಹೆಣಗಳೂ ಸಿಕ್ಕಿರಲಿಲ್ಲ.

“ಊರಿಗೆ ಹೋದವರು ಮುಟ್ಟೂತನಕ ಮನಿ ಕಸಾ ಹೊಡೀಬಾರ್ದು ಅಂತ ನೀವ ಹೇಳಿದ್ರಲ್ಲ ಅತ್ತಿ?” ರಾಚವ್ವ ಮೂಲೆಯಲ್ಲಿ ಕೂತಿದ್ದ ಮಲ್ಲವ್ವನತ್ತ ತಿರುಗಿದಳು. “ಇವರಿಗೂ ಹೇಳ್ರಿ.”

ಮಲ್ಲವ್ವ ಗೋಡೆ ಹಿಡಿದು ಎದ್ದಳು. ಸುದ್ದಿ ಬಂದಾಗಿನಿಂದ ಅವಳು ಅತ್ತಿರಲಿಲ್ಲ. ಸೊಸೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕಸಬರಿಗೆ ತೆಗೆದುಕೊಂಡಳು. ಆಮೇಲೆ ಬಾಗಿ, ಮಗ ಚೆಲ್ಲಿದ ಚುರುಮುರಿಯನ್ನು ಬಾಗಿಲಿನತ್ತ ಗುಡಿಸತೊಡಗಿದಳು.