ಚಮಚಕ್ಕೆ ಏಳು

ನವೆಂಬರ್ ಹದಿನಾಲ್ಕು, ಶುಕ್ರವಾರ, ಬೆಳಗ್ಗೆ ಹತ್ತೂಕಾಲು. ಚಮಚದಲ್ಲಿ ಹಿಡಿದದ್ದು ಆರು.

ಆರ್ಜಾ ಮುದುಕಿ ಮತ್ತೊಮ್ಮೆ ಎಣಿಸಿದಳು. ತೊಂಬತ್ತಮೂರರ ಕಣ್ಣು ಮಂಜಾಗಿದ್ದುದರಿಂದ ಎಣಿಕೆಯನ್ನು ಬೆರಳ ತುದಿಗೆ ವಹಿಸಿದ್ದಳು. ಏಳನೆಯ ತೊರ್ತೆಲ್ಲಿನಿ ಅಂಚಿನಿಂದ ಜಾರಿ ಹಲಗೆಯ ಮೇಲೆ ಬಿತ್ತು. ಇಟಲಿಯ ಕಾಸ್ತೆಲ್‌ಫ್ರಾಂಕೊ ಊರಿನಲ್ಲಿ ಈ ಲೆಕ್ಕಕ್ಕೆ ಮೇಲ್ಮನವಿ ಇಲ್ಲ. ಮಾಂಸ ತುಂಬಿ ಮಡಿಸಿದ ಈ ಹಿಟ್ಟಿನ ಉಂಗುರಗಳು ಸಾರಿನ ಚಮಚವೊಂದರಲ್ಲಿ ಏಳು ಹಿಡಿಯಬೇಕು. ಆರು ಹಿಡಿದರೆ ಮಾಡಿದ ಕೈ ಒರಟು.

"ಆರು! ಇವು ತೊರ್ತೆಲ್ಲಿನಿ ಅಲ್ಲ ಕಣೇ ದಿರ್ಚೆ, ಪಾದ್ರಿಗಳ ಟೋಪಿ. ತಲೆಗೊಂದು ಹಂಚ್ಬಿಡು."

"ಮೆಲ್ಲಗೆ ಅತ್ತೆ, ಡಾಕ್ಟ್ರಿಗೆ ಕೇಳ್ಸುತ್ತೆ."

"ಕೇಳ್ಲಿ. ಆರು ಹಿಡಿಯೋ ಕೈ ಹೊರಗಿನೋರಿಗೆ ಪಾಠ ಹೇಳಬಾರ್ದು, ಅದೂ ನನ್ನ ಹಲಗೆ ಮುಂದೆ. ಅವರನ್ನ ಹೋಟ್ಲಿಗೆ ಕಳ್ಸು."

ದಿರ್ಚೆಗೆ ಎಪ್ಪತ್ತೊಂದು. ಸೊಸೆಯಾಗಿ ಬಂದ ನಲವತ್ತೊಂಬತ್ತು ವರ್ಷಗಳಲ್ಲಿ ಅವಳು ಅತ್ತೆಯ ಹಲಗೆಯ ಮುಂದೆ ನಿಂತು, ಅತ್ತೆಯ ಲಟ್ಟಣಿಗೆ ಹಿಡಿದು, ಅತ್ತೆಯ ಅಳತೆಯಲ್ಲೇ ದುಡಿದಿದ್ದಳು. ಪ್ರವಾಸಿಗರಿಗೆ ಮನೆಯಲ್ಲೇ ಅಡುಗೆ ಕಲಿಸುವುದೊಂದು ಮಾತ್ರ ಪೂರ್ತಿ ಅವಳದೇ ಯೋಚನೆ. ಬಾಗಿಲಿಗೆ ಫಲಕ ಹಾಕಿ ನಾಲ್ಕು ತಿಂಗಳಿಗೆ ಮೊದಲ ವಿದ್ಯಾರ್ಥಿ ಬಂದಿದ್ದ. ಇವನು ಎದ್ದು ಹೋದರೆ ಎರಡನೆಯವನು ಬರಲಾರನೆಂದು ಅವಳಿಗೆ ಖಚಿತವಿತ್ತು.

ವಿದ್ಯಾರ್ಥಿಯ ಹೆಸರು ದುವಾರ್ತೆ. ಲಿಸ್ಬನ್ನಿನ ಹಲ್ಲಿನ ವೈದ್ಯ, ಬಾಗಿಲು ತುಂಬುವ ಆಳು. ದಿರ್ಚೆಯ ಹೂವಿನ ಏಪ್ರನ್ನು ಅವನ ಹೊಟ್ಟೆಯನ್ನು ಅರ್ಧ ಸುತ್ತಿ ಸೋತಿತ್ತು. ಇಟಲಿಯ ಮಾತು ಅವನಿಗೆ ಆಡಲು ಅರೆಬರೆ ಬರುತ್ತಿತ್ತು, ಕೇಳಿದರೆ ಪೂರ್ತಿ ತಿಳಿಯುತ್ತಿತ್ತು. ಆದ್ದರಿಂದ ಮುದುಕಿಯ ಒಂದು ಮಾತೂ ಅವನ ಕಿವಿಗೆ ತಪ್ಪಿರಲಿಲ್ಲ.

"ಸಿನ್ಯೋರಾ, ಬೆರಳು ತೋರ್ಸಿ," ಎಂದ.

ಹಲ್ಲು ನೋಡುವ ಗಾಂಭೀರ್ಯದಿಂದಲೇ ದಿರ್ಚೆಯ ಕಿರುಬೆರಳನ್ನು ತಿರುಗಿಸಿ ನೋಡಿದ. "ಗೆಣ್ಣು ಊದಿದೆ. ತುಂಬಾ ವರ್ಷದ್ದು."

ದಿರ್ಚೆ ಬೆರಳನ್ನೂ ಹಲಗೆಯನ್ನೂ ನೋಡಿದಳು. ಹಿಟ್ಟಿನ ಚೌಕವನ್ನು ಕಿರುಬೆರಳಿಗೆ ಸುತ್ತಿ ಎರಡು ಮೂಲೆ ಒತ್ತುವುದು ಕ್ರಮ. ಗೆಣ್ಣು ಊದಿದಂತೆ ಮೂಲೆಗಳು ಒಂದಕ್ಕೊಂದು ತಾಗದಾಗಿದ್ದವು. ಅವಳು ಅರಿವಿಲ್ಲದೆ ವರ್ಷ ವರ್ಷವೂ ಚೌಕವನ್ನು ಕೂದಲೆಳೆಯಷ್ಟು ದೊಡ್ಡದಾಗಿ ಕತ್ತರಿಸುತ್ತ ಬಂದಿದ್ದಳು. ಕೈ ಕೆಟ್ಟಿರಲಿಲ್ಲ, ಅಳತೆಗೋಲೇ ಬೆಳೆದಿತ್ತು.

"ನನ್ನ ಬೆರಳಲ್ಲಿ ನೋಡೋಣ್ವಾ?" ಎಂದು ದುವಾರ್ತೆ ತಾನೇ ಕೆಲವನ್ನು ಮಡಿಸಿದ. ಚಮಚದಲ್ಲಿ ಮೂರು ಹಿಡಿದವು.

ಆರ್ಜಾ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಇವನ್ನ ತುಂಬೋಕೆ ಒಂದು ಪೂರಾ ಹಂದಿ ಬೇಕು."

"ಪೆನ್ಸಿಲ್ ಮೇಲೆ ಸುತ್ತಿದ್ರೆ?"

"ಪೆನ್ಸಿಲ್ಲಾ! ನಾನು ಸತ್ಮೇಲೆ ಸುತ್ಕೊಳ್ಳಿ ಡಾಕ್ಟ್ರೇ. ಬೆರಳಿನ ಬಿಸಿ ತಾಗ್ದಿದ್ರೆ ಅದು ಕಾರ್ಖಾನೆ ಸರಕು!"

ಹೀಗೆ ಗದರಿಸುತ್ತ ಅವಳು ಗಾಳಿಯಲ್ಲಿ ಕೈ ಆಡಿಸಿದಳು. ಆ ಕೈಯ ಕಿರುಬೆರಳು ದಿರ್ಚೆಯ ಕಣ್ಣಿಗೆ ಬಿತ್ತು. ವಯಸ್ಸು ಸವೆಸಿ ಸವೆಸಿ ಅದನ್ನು ಕಡ್ಡಿಯಷ್ಟು ಸಪೂರ ಮಾಡಿತ್ತು. ಹಿಟ್ಟು ಮುಟ್ಟದೆ ಅದಕ್ಕೆ ಹನ್ನೊಂದು ವರ್ಷ. ದಿರ್ಚೆ ಹೊಸ ಚೌಕಗಳನ್ನು ಚಿಕ್ಕದಾಗಿ ಕತ್ತರಿಸಿದಳು, ಕಡಲೆಕಾಳಿಗಿಂತ ಕಿರಿದಾಗಿ ಮಾಂಸ ಇಟ್ಟು ಮಡಿಸಿದಳು, ಅತ್ತೆಯ ಕೈಯನ್ನು ಎಳೆದು ಹಲಗೆಯ ಮೇಲಿಟ್ಟುಕೊಂಡಳು.

"ಏನೇ ಇದು? ಬಿಡೇ!"

"ಅಲ್ಲಾಡ್ಬೇಡಿ ಅತ್ತೆ. ಹಿಟ್ಟು ಹರಿಯುತ್ತೆ."

ಹಿಟ್ಟು ಹರಿಯುತ್ತದೆಂದರೆ ಆ ಮನೆಯಲ್ಲಿ ಯಾರೂ ಅಲ್ಲಾಡುವುದಿಲ್ಲ. ಮುದುಕಿ ಉಸಿರು ಹಿಡಿದಳು. ದಿರ್ಚೆ ಅವಳ ಬೆರಳಿಗೆ ಸುತ್ತಿ, ಮೂಲೆ ಒತ್ತಿ, ಜಾರಿಸಿ ತೆಗೆದಳು. ಇನ್ನೊಂದು. ಮತ್ತೊಂದು. ಹನ್ನೆರಡಾದ ಮೇಲೆ ಚಮಚ ತುಂಬಿ ಅತ್ತೆಯ ಮುಂದಿಟ್ಟಳು.

ಆರ್ಜಾ ಮುಟ್ಟಿ ಮುಟ್ಟಿ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

"ಎಂಟು," ಎಂದಳು. ಒಂದನ್ನು ಚಮಚದಿಂದ ಎತ್ತಿ ಪಕ್ಕಕ್ಕಿಟ್ಟು, "ಏಳಾದ್ರೆ ಮರ್ಯಾದೆ, ಎಂಟಾದ್ರೆ ಜಂಬ. ಚೌಕ ಒಂದು ಚೂರು ದೊಡ್ಡದು ಮಾಡು. ಡಾಕ್ಟ್ರೇ, ಏನ್ ನೋಡ್ತಾ ನಿಂತ್ರಿ? ನಿಮ್ಮ ಪಾಠ ಇದು, ಬನ್ನಿ!" ಎಂದಳು.

ದಿರ್ಚೆಗೆ ನಗು ತಡೆಯಲಾಗಲಿಲ್ಲ. ದುವಾರ್ತೆ ರಾಣಿಯೊಬ್ಬಳ ಕೈಗೆ ಮುತ್ತಿಡುವವನಂತೆ ಬಾಗಿ ಆ ಬೆರಳನ್ನು ಹಿಡಿದ.

"ಮೆಲ್ಲಗೆ! ಹಲ್ಲಲ್ಲ ಇದು, ಕೀಳ್ಬೇಡಿ. ಈ ಕೈನ ಗಂಡಸೊಬ್ಬ ಹಿಡಿದು ಮೂವತ್ತೊಂದು ವರ್ಷ ಆಯ್ತು, ಗೊತ್ತಾ?"

"ಹಾಗಾದ್ರೆ ನಿಧಾನವಾಗೇ ಮಾಡ್ತೀನಿ," ಎಂದ ದುವಾರ್ತೆ. ಮುದುಕಿಯ ಕೆನ್ನೆ ಕೆಂಪೇರಿತು.

ಮಧ್ಯಾಹ್ನ ಒಂದರ ಹೊತ್ತಿಗೆ ಇನ್ನೂರ ಹನ್ನೆರಡು ತಯಾರಾದವು. ಹುಂಜದ ಸಾರಿನಲ್ಲಿ ಬೆಂದವು, ಮೂವರ ಬಟ್ಟಲುಗಳಿಗೆ ಬಂದವು, ಒಂದೂ ಉಳಿಯಲಿಲ್ಲ. ದುವಾರ್ತೆ ಊಟದ ಮೇಜಿನಿಂದಲೇ ಹೋಟೆಲಿನಲ್ಲಿದ್ದ ಗೆಳೆಯರಿಗೆ ಫೋನು ಮಾಡಿದ. ಮರುದಿನ ಹತ್ತು ಗಂಟೆಗೆ ಇಬ್ಬರು ಪಾಠಕ್ಕೆ ಬರುವುದೆಂದು ನಿಗದಿಯಾಯಿತು.

ಅವನು ಹೊರಟ ಮೇಲೆ ದಿರ್ಚೆ ಬೋಗುಣಿಯಲ್ಲಿ ಬಿಸಿನೀರು ತಂದು, ಅತ್ತೆಯ ಬೆರಳಿಗೆ ಒಣಗಿ ಅಂಟಿದ್ದ ಹಿಟ್ಟನ್ನು ತೊಳೆಯತೊಡಗಿದಳು.

"ಪಾಠ ನಿಂದು, ಸರಿ. ಬೆರಳು ನಂದು," ಎಂದಳು ಆರ್ಜಾ. "ಬಾಡಿಗೆ ಎಲ್ಲಿ?"

"ಎಷ್ಟು ಹೇಳಿ ಅತ್ತೆ, ಈಗ್ಲೇ ಕೊಟ್ಬಿಡ್ತೀನಿ."

ಮುದುಕಿ ಸೆರಗಿನಂತೆ ಹೊದ್ದ ಶಾಲಿನೊಳಕ್ಕೆ ಕೈಯನ್ನು ಎಳೆದುಕೊಂಡಳು.

"ಬೇಡ, ಬಾಕಿ ಇರ್ಲಿ. ಚುಕ್ತಾ ಆದ್ರೆ ನಾಳೆಯಿಂದ ನನ್ನನ್ನ ಯಾರು ಕೇಳ್ತಾರೆ?"