ಲಿಸ್ಬನ್ ಸಂತೆಯಲ್ಲಿ ಒಳ್ಳೆಮೆಣಸು

ಹೊನ್ನಾವರದ ಅಳಿವೆ ದಾಟಿ ಬಲಕ್ಕೆ ತಿರುಗಿದರೆ ದೋಣಿ ಐನೂರು ವರ್ಷ ಹಿಂದಿನ ಲಿಸ್ಬನ್ನಿಗೆ ಹೋಗುತ್ತದೆ. ಶಿವಿ ಮತ್ತು ಅವಳ ತಂಗಿ ತುಳಸಿ ದಿನಾ ಅಲ್ಲಿನ ಸಂತೆಗೆ ಹೋಗಿ ಒಳ್ಳೆಮೆಣಸನ್ನು ಈರುಳ್ಳಿ ಬೆಲೆಗೆ ಮಾರುತ್ತಾರೆ. ಅಲ್ಲಿಯವರಿಗೆ ಮೆಣಸು ಮನೆ ಬಾಗಿಲಲ್ಲೇ ಅಗ್ಗಕ್ಕೆ ಸಿಕ್ಕರೆ, ಹಡಗೇರಿ ಅದನ್ನು ಹುಡುಕಿಕೊಂಡು ಬಂದು ನಮ್ಮ ದೋಣಿಗಳನ್ನು ಸುಡುವವರು ಯಾರು?

ಇವತ್ತು ಹಡಗು ಕಟ್ಟುವ ಬಡಗಿಯೊಬ್ಬ ಬಂದ.

"ರಾಜ ಹಡಗಿನ ಕೆಲಸ ನಿಲ್ಲಿಸಿಬಿಟ್ಟ. ಮಕ್ಕಳಿಗೆ ಏನು ಹಾಕಲಿ?" ಎಂದು ಗೋಳಾಡಿದ.

"ದೋಣಿ ಸುಟ್ಟಾಗ ನಮ್ಮ ಮಕ್ಕಳೂ ಹೀಂಗೇ ಅತ್ತಿದ್ವು," ಎಂದಳು ಶಿವಿ. ಅವನಿಗೆ ಅರ್ಥವಾಗಲಿಲ್ಲ.

ತುಳಸಿ ಬುತ್ತಿ ಬಿಚ್ಚಿದಳು. ಬೆಳಿಗ್ಗೆ ಕೆಂಪಗಿದ್ದ ಬಂಗುಡೆ ಸಾರು ಬೆಳ್ಳಗಾಗಿತ್ತು.

"ಅಕ್ಕಾ, ಮೆಣಸಿನಕಾಯೂ ಹೋಯ್ತು. ಅದನ್ನ ನಮ್ಮೂರಿಗೆ ತಂದದ್ದು ಇವ್ರ ಹಡಗೇ ಅಲ್ವಾ? ಮೊನ್ನೆ ಹಿತ್ತಲ ಗೇರುಮರ ಹೋಯ್ತು, ಅದೂ ಇವ್ರು ತಂದದ್ದೇ. ನಾಳೆ ಇನ್ನೆಂತ ಹೋಯ್ತದೋ. ಸಾಕು ಮಾಡ್ವ."

ಶಿವಿ ಮೂಟೆಗೆ ಕೈ ಹಾಕಿ ಒಂದು ಹಿಡಿ ಮೆಣಸು ತೆಗೆದಳು. ತೂಕದ ಕಲ್ಲಿನಿಂದ ಅದನ್ನು ಜಜ್ಜಿ ಸಾರಿನ ಮೇಲೆ ಉದುರಿಸಿದಳು.

"ಉಣ್ಣು. ಇವ್ರು ಬರೂಕೆ ಮೊದ್ಲು ನಮ್ಮಜ್ಜಿಯರು ಉಂಡದ್ದು ಇದನ್ನೇ."

ಆಮೇಲೆ ಹೊರಟಿದ್ದ ಬಡಗಿಯನ್ನು ವಾಪಸು ಕರೆದು, ಅವನ ಖಾಲಿ ಚೀಲಕ್ಕೂ ಒಂದು ಹಿಡಿ ಸುರಿದಳು, ಪುಕ್ಕಟೆಯಾಗಿ.