ಗೋಣಿಚೀಲ ಹಾಸಿದ ಸೀಟು

ಶೇಖಮ್ಮ ಕಾಲಿಡುವ ಮೊದಲೇ ರೈಸ್ ಮಿಲ್ಲಿನ ಅಮರೇಶಪ್ಪ ತನ್ನ ದೊಡ್ಡ ಕಾರಿನ ಬಿಳಿ ಲೆದರ್ ಸೀಟಿನ ಮೇಲೆ ಗೋಣಿಚೀಲ ಹಾಸಿದ. "ಕುಂಡ್ರು ಬೇ, ಪೋತ್ನಾಳಕ್ಕ ಬಿಡ್ತೀನಿ. ನಿನ್ನ ಮಗಳ ಡಬ್ಬಿ ಕಾರಿನ್ಯಾಗ ಏಸಿನೂ ಇಲ್ಲ, ಕಾಲು ಚಾಚಾಕ ಜಾಗಾನೂ ಇಲ್ಲ."

ಶೇಖಮ್ಮ ಮೊಣಕಾಲವರೆಗಿನ ಕೆಸರು ನೋಡಿಕೊಂಡಳು. ಬೆಳಗಿನಿಂದ ಅವನದೇ ಗದ್ದೆಯಲ್ಲಿ ನಾಟಿ ಮಾಡಿದ ಕೆಸರದು. ಚೀಲವನ್ನು ಎತ್ತಿ, ಮಡಚಿ ಅವನ ಕೈಗೆ ಕೊಟ್ಟಳು. "ಭತ್ತಕ್ಕ ಬೇಕಾಗ್ತದ, ಇಟ್ಕೋರಿ ಸಾವ್ಕಾರ್ರ."

ಹಿಂದೆ ನಿಂತಿದ್ದ ಸಣ್ಣ ಕಾರಿನ ಬಾಗಿಲಲ್ಲಿ, ರೂಢಿಯಂತೆ ಚಪ್ಪಲಿ ಬಿಡಲು ಬಗ್ಗಿದಳು. "ಇರ್ಲಿ ಯವ್ವಾ, ಹಂಗ ಹತ್ತು" ಎಂದಳು ಸ್ಟೇರಿಂಗ್ ಹಿಡಿದಿದ್ದ ಮಗಳು ಕಲ್ಯಾಣಿ. ಶೇಖಮ್ಮ ಕೆಸರುಗಾಲಲ್ಲೇ ಹತ್ತಿ ಕೂತಳು.

ದೊಡ್ಡ ಕಾರು ಇನ್ನೂ ದಾರಿಗೆ ಅಡ್ಡ ನಿಂತಿತ್ತು. ಶೇಖಮ್ಮ ಕೈಚಾಚಿ ತಾನೇ ಹಾರ್ನ್ ಒತ್ತಿದಳು.